ಜಗಲಿಯ ಮಂದಗಾಮಿಗಳು

ಗದಗಿನಿಂದ ಬೆಂಗಳೂರಿನ ರಾಜಾಜಿನಗರಕ್ಕೆ ಬಂದ ವಾರದಲ್ಲೇ ಕಂಡ ವಿಚಿತ್ರವನ್ನು ನಮ್ಮೂರಿನ ನಿಮಗೆ ಹೇಳಿದರೆ ನಂಬಲಿಕ್ಕಿಲ್ಲ. ಮನೆಯ ಮಾಲೀಕರಾದ ಗೌಡರು, ಎದುರುಮನೆಯ ಮೇಷ್ಟ್ರು ಇಬ್ಬರೂ ಜಗಲಿಯ ಮೇಲೆ, ಅಂದರೆ ನಮ್ಮ ಕಡೆ ಕಟ್ಟೆ ಅನ್ನುತ್ತೇವಲ್ಲ ಅದರ ಮೇಲೆ, ಕರ್ನಾಟಕ ಒಂದಾಗಬೇಕೋ ಬೇಡವೋ ಎಂದು ಗಂಟಲು ಹರಿಯುವಂತೆ ಜಗಳವಾಡಿದರು. ಆಮೇಲೆ ಗೌಡರು ನಶ್ಯದ ಡಬ್ಬಿ ತೆಗೆದರು, ಮೇಷ್ಟ್ರು ಅದರಿಂದಲೇ ಒಂದು ಚಿಟಿಕೆ ಎತ್ತಿದರು, ಇಬ್ಬರೂ ಮಾಗಡಿ ರಸ್ತೆಯ ಕಡೆ ತರಕಾರಿಗೆ ಹೊರಟರು! ನಮ್ಮಲ್ಲಾದರೆ ಅಷ್ಟು ಮಾತಿಗೆ ಎರಡು ಮನೆಗಳ ನಡುವೆ ಮದುವೆಯ ಊಟವೇ ನಿಂತುಹೋಗುತ್ತಿತ್ತು.

ಇಲ್ಲಿಯವರು ಹೆಚ್ಚಾಗಿ ಮಂದಗಾಮಿಗಳು. "ಸೇರ್ಲಿ ಕಣಮ್ಮ, ಬೇಡ ಅಂದೋರ್ಯಾರು? ಅವಸರ ಯಾಕೆ?" ಎನ್ನುತ್ತಿದ್ದರು ಗೌಡರು. ನಮ್ಮ ಸೀಮೆಯ ಬರ ತಮ್ಮ ಕೆರೆಯನ್ನೂ ಬತ್ತಿಸೀತು ಎಂಬ ಭಯ ಅವರಿಗೆ. ನಾನೋ, ಏಕೀಕರಣಕ್ಕಾಗಿ ಲಾಠಿ ಏಟು ತಿಂದ ಅಣ್ಣನ ತಂಗಿ. ರಾಗಿಮುದ್ದೆ ನುಂಗುವುದನ್ನು ಕಲಿತೆ, ಈ ಮಾತು ಮಾತ್ರ ಗಂಟಲಿನಿಂದ ಕೆಳಗಿಳಿಯಲಿಲ್ಲ.

ಒಂದು ಭಾನುವಾರ ಬಡಾವಣೆಯವರು ಅದೇ ಜಗಲಿಯಲ್ಲಿ ಸೇರಿದರು. ಏಕೀಕರಣ ಸದ್ಯಕ್ಕೆ ಬೇಡ ಎಂಬ ಠರಾವು ಆಗುವುದಿತ್ತು. ಹೆಂಗಸರೆಲ್ಲ ಬಾಗಿಲ ಹಿಂದೆ. ನಮ್ಮ ಯಜಮಾನರು ಮೊದಲೇ ಎಚ್ಚರಿಸಿದ್ದರು: "ಬಾಯಿ ಬಿಡಬ್ಯಾಡ. ಮನಿ ಬಿಡಿಸಿದ್ರ ಎಲ್ಲಿಗೆ ಹೋಗೂದು?" ಅವರ ಫ್ಯಾಕ್ಟರಿಯ ಹತ್ತಿರ ಬೇರೆ ಮನೆ ಸಿಗುವುದು ಕನಸಿನ ಮಾತಾಗಿತ್ತು.

"ಯಾರ್ದಾದ್ರೂ ತಕರಾರು ಇದ್ಯಾ?" ಎಂದು ಗೌಡರು ಕೇಳಿದರು.

"ನಂದೈತ್ರಿ," ಎಂದುಬಿಟ್ಟೆ.

ನಮ್ಮ ಯಜಮಾನರು ನೆಲ ನೋಡಿದರು. ಗೌಡರು ಬಾಗಿಲ ಕಡೆ ತಿರುಗಿ, "ಒಳಗಿಂದ ಯಾಕವ್ವ? ಈಚೆ ಬಂದು ಹೇಳು," ಎಂದು ತಾವೇ ಸರಿದು ಜಾಗ ಬಿಟ್ಟರು.

ಹೊರಗೆ ಬಂದು ಆ ಜಾಗದಲ್ಲಿ ನಿಂತೆ. "ನಮ್ಮ ಕಡೆ ಒಂದ ಬಾವಿ ತೋಡಾಕೂ ಮುಂಬಯಿ ಅಪ್ಪಣಿ ಕಾಯಬೇಕ್ರಿ. ಸ್ವಂತ ಮನ್ಯಾಗ ಬಾಡಿಗಿಗೆ ಇದ್ದಂಗ. ಅವಸರ ಯಾಕ ಅಂತ ಮನಿ ಇದ್ದವ್ರು ಕೇಳ್ತಾರ್ರಿ."

ಗೌಡರು ಒಪ್ಪಲಿಲ್ಲ. ಠರಾವಿಗೆ ಮೊದಲು ಕೈಯೆತ್ತಿದವರೂ ಅವರೇ. ಆದರೆ ಕೈ ಇಳಿಸಿದವರೇ, "ಈಯಮ್ಮನ್ ಮಾತೂ ಬರ್ಕೊಳ್ಳಿ ಮೇಷ್ಟ್ರೇ, ದೊಡ್ಡ ಸಭೇಲಿ ನಾನೇ ಓದ್ತೀನಿ," ಎಂದರು. ಆ ಸಭೆಯಲ್ಲಿ ಓದಿದರು ಕೂಡ, ಒಂದಕ್ಷರ ಬಿಡದೆ; ಹೆಂಗಸರ ಸಾಲಿನಲ್ಲಿ ಕೂತು ನಾನೇ ಕೇಳಿದೆ. ತಾನು ಒಪ್ಪದ ಮಾತನ್ನು ಅಷ್ಟು ಗಟ್ಟಿ ದನಿಯಲ್ಲಿ ಓದುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೆರಗಿನಿಂದ ನನ್ನ ಕಣ್ಣು ತುಂಬಿತು. ಗೌಡರ ಹೆಂಡತಿಯಂತೂ ಜಗಲಿಯ ಸಭೆಯ ಮರುದಿನವೇ ಎಂದಿನಂತೆ ಅವರೆಕಾಳಿನ ಸಾರು ಕಳಿಸಿದರು.

ಮುಂದೆ ನಾಡು ಒಂದಾಯಿತು. ಮರುವರ್ಷ ಪಂಚಮಿ ಹಬ್ಬಕ್ಕೆ ತವರಿಗೆ ಹೋದಾಗ, ಊಟಕ್ಕೆ ಕೂತಿದ್ದ ಅಣ್ಣನಿಗೆ, "ಮೈಸೂರವರ ಅಂಜಿಕಿನೂ ಸುಳ್ಳಲ್ಲಣ್ಣಾ," ಎಂದೆ. ಅವನು ತಾಟು ಸರಿಸಿ ಎದ್ದ. "ಬೆಂಗಳೂರ ನೀರು ಕುಡದು ತಣ್ಣಗಾಗೀದಿ ನೀ." ಹಬ್ಬ ಮುಗಿಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ನಾನು ನಾಡು ಒಂದಾಗಬೇಕೆಂದವಳೇ, ಈಗಲೂ ಅವಳೇ. ಅದನ್ನು ಅವನಿಗೆ ತಿಳಿಸುವ ದಾರಿ ಕಾಣದೆ ಅತ್ತುಬಿಟ್ಟೆ.

ವಾಪಸು ಬಂದು ಜಟಕಾ ಇಳಿಯುವಾಗ ಜಗಲಿಯಲ್ಲಿ ಯಾವುದೋ ಜಗಳ ಜೋರಾಗಿತ್ತು. ಗೌಡರು ನನ್ನನ್ನು ಕಂಡವರೇ ಕೂಗಿದರು: "ಬಂದ್ಲಪ್ಪ ನಮ್ಮನೆ ಬೆಂಕಿ! ಸರ್ಕೊಳ್ರೋ, ಜಾಗ ಬಿಡಿ."

ಅಣ್ಣ ಅಂದದ್ದನ್ನು ಅವರಿಗೆ ಹೇಳಲಿಲ್ಲ. ಟ್ರಂಕು ಬದಿಗಿಟ್ಟು ಕೂತೆ.