ಒಂಬತ್ತನೆಯ ನಿಯಮ ಮತ್ತು ಮೂವತ್ತು-ನಲವತ್ತರ ಸೈಟು

ನಿಯಮಗಳು ಹುಟ್ಟುವುದು ದುರ್ಬಲರ ರಕ್ಷಣೆಗಾಗಿ ಎಂದು ಬಲ್ಲವರು ಹೇಳುತ್ತಾರೆ. ನಾನು ಬರೆದ ಒಂಬತ್ತನೆಯ ನಿಯಮ ಹುಟ್ಟಿದ್ದು ನನ್ನ ಮಧ್ಯಾಹ್ನದ ನಿದ್ದೆಯ ರಕ್ಷಣೆಗಾಗಿ. ಅದನ್ನೇ ಮುಂದೆ ಹಿಡಿದು ಒಬ್ಬ ಹುಡುಗನನ್ನು ಫೇಲು ಮಾಡಿದೆ — ಅವನ ಉತ್ತರ ಸರಿ ಎಂದು ಗೊತ್ತಿದ್ದೂ. ಆಮೇಲೆ ಆ ಉತ್ತರವನ್ನು ಕದ್ದೆ. ಇಲ್ಲಿಗೇ ನಿಲ್ಲಿಸಿದರೆ ಸ್ವಲ್ಪ ಮರ್ಯಾದೆ ಉಳಿದೀತು; ಅದನ್ನು ಉಳಿಸಿಕೊಳ್ಳಲೆಂದು ಇದನ್ನು ಬರೆಯುತ್ತಿಲ್ಲ.

ಜಯನಗರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದವರಿಗೆ ಕ್ಯಾಲ್ಕುಲಸ್ ಪಾಠ ಮಾಡುತ್ತಿದ್ದೆ. ಮೊದಲ ದಿನವೇ ಒಂದು ಹಾಳೆ ಹಂಚುತ್ತಿದ್ದೆ: ‘ಈ ತರಗತಿಯಲ್ಲಿ ನಿಮ್ಮಿಂದ ನಿರೀಕ್ಷಿಸುವುದು’ ಎಂಬ ತಲೆಬರಹ, ಕೆಳಗೆ ನಿಯಮಗಳು. ಗಂಟೆ ಹೊಡೆದ ಮೇಲೆ ಬಂದವರು ಹೊರಗೇ ಇರತಕ್ಕದ್ದು. ಮೊಬೈಲು ಚೀಲದಲ್ಲಿ, ಚೀಲ ನೆಲದ ಮೇಲೆ. ಅಸೈನ್‌ಮೆಂಟ್ ತಡವಾದದ್ದಕ್ಕೆ ಅಜ್ಜಿಯ ಸಾವನ್ನು ಕಾರಣವಾಗಿ ಕೊಡಬಹುದು. ಆದರೆ ಒಬ್ಬ ವಿದ್ಯಾರ್ಥಿಗೆ ಎರಡಕ್ಕಿಂತ ಹೆಚ್ಚು ಅಜ್ಜಿಯರನ್ನು ಮಂಜೂರು ಮಾಡಲಾಗುವುದಿಲ್ಲ. ಸಂವಿಧಾನ ಓದುವ ಗಾಂಭೀರ್ಯದಲ್ಲಿ ಓದುತ್ತಿದ್ದೆ, ಹುಡುಗರು ನಗುತ್ತಿದ್ದರು. ಒಂಬತ್ತನೆಯದಕ್ಕೆ ಮಾತ್ರ ಯಾರೂ ನಗುತ್ತಿರಲಿಲ್ಲ: ‘ಅಂಕದ ಬಗ್ಗೆ ತಕರಾರು ಎತ್ತಿದರೆ ಇಡೀ ಉತ್ತರಪತ್ರಿಕೆಯನ್ನು ಮೊದಲಿಂದ ತಿದ್ದಲಾಗುವುದು. ಅಂಕ ಇಳಿಯಲೂಬಹುದು.’

ಅದು ಬಂದ ಮೇಲೆ ತಕರಾರು ಹೇಳಲು ಸ್ಟಾಫ್ ರೂಮಿಗೆ ಯಾರೂ ಬರಲಿಲ್ಲ. ನನ್ನ ತಿದ್ದುವಿಕೆ ಅಷ್ಟು ನಿಖರವಾಗಿದೆ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಮುನಿರಾಜು ಬಂದ. ಗೊಟ್ಟಿಗೆರೆಯ ಹುಡುಗ. ತಾತನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅವರಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ತರಗತಿಯಲ್ಲಿ ಬಾಯಿ ಬಿಡದವನು. ಸೆಮಿಸ್ಟರ್ ಪರೀಕ್ಷೆಯಲ್ಲಿ ಫೇಲಾಗಿದ್ದ, ಸ್ವಲ್ಪದರಲ್ಲೇ. ನಾನು ಸೊನ್ನೆ ಕೊಟ್ಟಿದ್ದ ಒಂದು ಪ್ರಶ್ನೆಗೆ ಅಂಕ ಬಂದಿದ್ದರೆ ಪಾಸು.

ಪ್ರಶ್ನೆ ಇಷ್ಟು: ಕಾಂಪೌಂಡ್ ಗೋಡೆಯ ಒಟ್ಟು ಉದ್ದ ನಿಗದಿಯಾಗಿದ್ದರೆ, ಅತಿ ಹೆಚ್ಚು ಜಾಗ ಸಿಗುವ ಆಯತಾಕಾರದ ಸೈಟು ಯಾವುದು? ಚೌಕ. ಅದನ್ನು ಡಿಫರೆನ್ಸಿಯೇಟ್ ಮಾಡಿ ತೋರಿಸಲು ಕಲಿಸಿದ್ದೆ, ಎಲ್ಲರೂ ಹಾಗೇ ತೋರಿಸಿದ್ದರು. ಇವನ ಹಾಳೆಯಲ್ಲಿ ಅದು ಕಾಣಲಿಲ್ಲ, ನಾಲ್ಕೇ ಸಾಲು ಇತ್ತು. ಓದದೆ ಸೊನ್ನೆ ಸುತ್ತಿದ್ದೆ.

“ಡಿಫರೆನ್ಸಿಯೇಟ್ ಮಾಡ್ಲೇಬೇಕು ಅಂತ ಕ್ವೆಶ್ಚನಲ್ಲಿ ಇರ್ಲಿಲ್ಲ ಸಾರ್. ನೀವೊಂದ್ಸಲ ಓದಿದ್ರೆ...”

ಓದಿದೆ, ಅವನೆದುರೇ. ಮೂವತ್ತು-ನಲವತ್ತರ ಸೈಟಿಗೆ ನೂರ ನಲವತ್ತು ಅಡಿ ಕಾಂಪೌಂಡು ಬೇಕು. ಅದೇ ಕಾಂಪೌಂಡಿನಲ್ಲಿ ಮೂವತ್ತೈದು-ಮೂವತ್ತೈದರ ಸೈಟು ಮಾಡಿದರೆ ಇಪ್ಪತ್ತೈದು ಚದರಡಿ ಹೆಚ್ಚು ಸಿಗುತ್ತದೆ. ಅಂದರೆ ಚೌಕದಿಂದ ಐದಡಿ ಸರಿದದ್ದಕ್ಕೆ ಐದರ ವರ್ಗದಷ್ಟು ನಷ್ಟ. ಎಷ್ಟು ಸರಿದರೆ ಅದರ ವರ್ಗದಷ್ಟು ನಷ್ಟ; ಸರಿಯದಿದ್ದರೆ ನಷ್ಟವಿಲ್ಲ. ಕೊನೆಯ ಸಾಲಿನಲ್ಲಿ ಸಂಖ್ಯೆಗಳ ಬದಲು ಅಕ್ಷರ ಹಾಕಿ ಅದನ್ನೇ ಸಾಧಿಸಿದ್ದ. ಮುಗಿಯಿತು. ಗಣಿತ ಬಲ್ಲವರಿಗೆ ಇದೇನೂ ಹೊಸದಲ್ಲದಿರಬಹುದು — ಅಷ್ಟು ವರ್ಷ ಪಾಠ ಮಾಡಿದ ನನಗೆ ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ.

ಅಂಕಪಟ್ಟಿ ಆಗಲೇ ಪರೀಕ್ಷಾ ವಿಭಾಗಕ್ಕೆ ಹೋಗಿತ್ತು. ಬದಲಿಸಬೇಕೆಂದರೆ ‘ನಾನು ಉತ್ತರ ಓದಿರಲಿಲ್ಲ’ ಎಂದು ಪ್ರಿನ್ಸಿಪಾಲರಿಗೆ ಬರೆದುಕೊಡಬೇಕು. ಒಂದು ಸಾಲು. ಆ ಒಂದು ಸಾಲು...

“ಅಪ್ಪ ಒಂದ್ ವರ್ಷ ಟೈಮ್ ಕೊಟ್ಟಿದಾರೆ ಸಾರ್,” ಎಂದ ಮುನಿರಾಜು. “ಮ್ಯಾಥ್ಸ್ ಪಾಸಾದ್ರೆ ಓದು, ಇಲ್ಲಾಂದ್ರೆ ಬಿಲ್ಡಿಂಗ್ ನೋಡ್ಕೊಂಡ್ ಮನೇಲಿರು ಅಂದ್ರು. ಬಾಡಿಗೆ ವಸೂಲಿಗೆ ಕೂಡೋದು ಕಳ್ಯೋದು ಬಂದ್ರೆ ಸಾಕಂತೆ.”

ಹೇಳಿ ನಕ್ಕ. ನಾನೂ ನಕ್ಕೆ. ನಗುತ್ತಲೇ ಕೇಳಿದೆ: “ಒಂಬತ್ತನೇ ರೂಲ್ ಜ್ಞಾಪಕ ಇದೆ ತಾನೆ?”

ಅವನ ನಗು ನಿಂತಿತು. “ಇಳಿಯುತ್ತಾ ಸಾರ್?”

ಉಳಿದ ಪುಟಗಳನ್ನು ತಿರುವಿದೆ. ಇಳಿಯುವಂಥದ್ದು ಏನೂ ಇರಲಿಲ್ಲ. ಇನ್ನೊಂದು ಕಡೆ ನಾನೇ ಕಡಿಮೆ ಕೊಟ್ಟಿದ್ದೆ.

“ಇಳೀಬಹುದಪ್ಪ. ಈಗಾದ್ರೆ ಗ್ರೇಸ್ ಮಾರ್ಕ್ಸ್ ಸಿಗೋ ಆಸೆ ಇದೆ. ಇಳಿದ್ರೆ ಅದೂ ಹೋಯ್ತು. ಯೋಚ್ನೆ ಮಾಡು.”

ತನ್ನ ನಾಲ್ಕು ಸಾಲನ್ನು ಇನ್ನೊಮ್ಮೆ ಓದಿಕೊಂಡ. “ಬಿಡಿ ಸಾರ್. ನಂದೇ ಎಲ್ಲೋ ತಪ್ಪಿರುತ್ತೆ.”

ಗ್ರೇಸ್ ಬರಲಿಲ್ಲ. ಅವನೂ ಮತ್ತೆ ಬರಲಿಲ್ಲ.

ಇಷ್ಟೇ ಆಗಿದ್ದರೆ ಸೋಮಾರಿತನ, ಹೇಡಿತನ ಎಂದು ಏನೋ ಒಂದು ಹೆಸರಿಟ್ಟು ಮಲಗಬಹುದಿತ್ತು. ಮರುವರ್ಷ ಅದೇ ಪಾಠಕ್ಕೆ ಬಂದಾಗ ಕೈಯಲ್ಲಿ ಚಾಕ್‌ಪೀಸು, ಎದುರಿಗೆ ಆಕಳಿಸುತ್ತಿದ್ದ ತರಗತಿ. “ಮೂವತ್ತು-ನಲವತ್ತರ ಸೈಟು ಗೊತ್ತಲ್ಲ ಎಲ್ರಿಗೂ?” ಎಂದೆ. ಆಕಳಿಕೆ ನಿಂತಿತು. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದು ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನಿಂದ “ಸಖತ್” ಎಂಬ ಮಾತು ಕೇಳಿತು. ಒಬ್ಬಳು ಕೇಳಿದಳು: “ಇದು ಯಾವ ಬುಕ್ಕಲ್ಲಿದೆ ಸಾರ್?”

“ಬುಕ್ಕಲ್ಲಲ್ಲಮ್ಮ. ನಂದೇ.”

ಯಾರೂ ಒತ್ತಾಯ ಮಾಡಿರಲಿಲ್ಲ. ‘ಒಬ್ಬ ಹುಡುಗ ಬರೆದಿದ್ದ’ ಎಂದಿದ್ದರೂ ಅಷ್ಟೇ ಖುಷಿಪಡುತ್ತಿದ್ದರು — ಬಹುಶಃ ಇನ್ನೂ ಹೆಚ್ಚು. ಆಮೇಲೆ ಪ್ರತಿ ವರ್ಷ ಅದನ್ನೇ ಮಾಡಿದೆ. ನಿವೃತ್ತಿಯ ದಿನ ಸಹೋದ್ಯೋಗಿಯೊಬ್ಬರು ವೇದಿಕೆಯ ಮೇಲೆ ‘ಸಾರ್ ಸೈಟ್ ಪ್ರೂಫ್’ ವಿವರಿಸಿ ನನಗೆ ಶಾಲು ಹೊದಿಸಿದರು. ವಿಪರೀತ ಸೆಕೆ. ತೆಗೆಯಲಿಲ್ಲ.

ಕಳೆದ ವರ್ಷ ತಂಗಿಯ ಮಗಳಿಗೆ ಬಾಡಿಗೆ ಮನೆ ಹುಡುಕುತ್ತ ಗೊಟ್ಟಿಗೆರೆಗೆ ಹೋಗಿದ್ದೆ. ಬೀಗದ ಕೈ ಗೊಂಚಲು ಹಿಡಿದು ಮೆಟ್ಟಿಲಿಳಿದು ಬಂದ ಓನರು ನನ್ನನ್ನು ನೋಡಿ ನಿಂತುಬಿಟ್ಟ. “ಸಾರ್, ನೀವಾ? ನಾನು ಮುನಿರಾಜು.” ಬಗ್ಗಿ ಕಾಲು ಮುಟ್ಟಿದ. ಹಿಂದೆ ಸರಿಯಬೇಕಿತ್ತು — ಸರಿಯಲಿಲ್ಲ.

ಮನೆ ತೋರಿಸುತ್ತ ಹೇಳಿದ: “ಮೇಲಿನ್ ಮನೆ ಹುಡ್ಗಿ ನಿಮ್ ಕಾಲೇಜೇ ಸಾರ್. ಈಗ್ಲೂ ನಿಮ್ ಹೆಸ್ರು ಹೇಳೇ ಆ ಸೈಟ್ ಪ್ರೂಫ್ ಪಾಠ ಮಾಡ್ತಾರಂತೆ. ನಂಗೂ ತೋರ್ಸಿದ್ಲು. ಎಷ್ಟ್ ಚೆನ್ನಾಗಿದೆ ಸಾರ್.” ಬೀಗದ ಕೈ ತಿರುಗಿಸಿದ. “ನಾನೂ ಅವತ್ತು ಏನೋ ಹಂಗೇ ಬರ್ದಿದ್ದೆ ಅನ್ಸುತ್ತೆ. ಆದ್ರೆ ನಂದು ತಪ್ಪಾಗಿತ್ತಲ್ಲ. ನಿಮ್ದು ನೋಡಿದ್ಮೇಲೆ ನಾನೆಲ್ಲಿ ತಪ್ಪಿದೆ ಅಂತ ತುಂಬಾ ಯೋಚ್ನೆ ಮಾಡ್ದೆ. ಗೊತ್ತಾಗ್ಲಿಲ್ಲ. ಅಪ್ಪ ಹೇಳಿದ್ದೇ ಸರಿ ಬಿಡಿ, ನಮಗದು ಹತ್ತೋದಲ್ಲ.”

ಆಗ ಹೇಳಬಹುದಿತ್ತು. ನಾಲ್ಕು ಮಾತು ಸಾಕಿತ್ತು — ನಿನ್ನದು ಸರಿಯಿತ್ತು, ಅದು ನಿನ್ನದೇ. ಬಾಯಿ ತೆರೆದೆ. ಹೊರಟ ಮಾತು: “ಇಲ್ಲಿ ಕಾವೇರಿ ನೀರಾ, ಬೋರ್ ನೀರಾ?”

“ಎರಡೂ ಇದೆ ಸಾರ್.”

ಹೊರಡುವಾಗ ಅಡ್ವಾನ್ಸ್ ಅರ್ಧಕ್ಕಿಳಿಸಿದ. “ಗುರುದಕ್ಷಿಣೆ ಅನ್ಕೊಳ್ಳಿ,” ಎಂದ. ತಂಗಿಯ ಮಗಳು ನನ್ನ ಕಡೆ ಹೆಮ್ಮೆಯಿಂದ ನೋಡಿದಳು. ನಾನು ಬೇಡವೆನ್ನಲಿಲ್ಲ.

ಅವಳು ಈಗಲೂ ಆ ಮನೆಯಲ್ಲಿದ್ದಾಳೆ. ಪ್ರೂಫು ಈಗಲೂ ನನ್ನ ಹೆಸರಿನಲ್ಲಿದೆ. ಮುನಿರಾಜು ಬಿಲ್ಡಿಂಗ್ ನೋಡಿಕೊಂಡಿದ್ದಾನೆ.