ಬಿಳಿ ಎಮ್ಮೆ ಬರೆಯುವ ಗೊಲ್ಲಾಳಮ್ಮ

ಏಳನೆಯ ಎಮ್ಮೆಗೆ ಬಾಲ ಬರೆಯುತ್ತಿರುವಾಗಲೇ ಹಾಲು ಉಕ್ಕುತ್ತದೆ. ಗೊಲ್ಲಾಳಮ್ಮ ಎಡಗೈ ಚಾಚಿ ಗ್ಯಾಸು ಆರಿಸುತ್ತಾರೆ. ಬಲಗೈಯ ಸ್ಕೆಚ್ ಪೆನ್ನು ಹಾಳೆ ಬಿಟ್ಟು ಏಳುವುದಿಲ್ಲ. ಬಾಲದ ತುದಿಗೆ ಕುಚ್ಚು ಬಿದ್ದ ಮೇಲೆಯೇ ಅವರು ಒರೆಸುವ ಬಟ್ಟೆ ಹುಡುಕುವುದು. ಶಹಾಪುರದ ಬಸ್ ನಿಲ್ದಾಣದಿಂದ ಹಳ್ಳಿಗಳ ಕಡೆಗೆ ಮೊದಲ ಬಸ್ಸು ಹೊರಡುವುದರೊಳಗೆ ಇನ್ನೂ ಮೂರು ಎಮ್ಮೆ, ಒಂದು ಕಾಲುವೆ, ಅದರ ಕೆಳಗೆ ಎರಡು ಸಾಲಿನ ಪ್ರಶ್ನೆ ಆಗಬೇಕು. ಹತ್ತು ಎಮ್ಮೆಗಳಲ್ಲಿ ನಾಲ್ಕು ನೀರಿಗಿಳಿದರೆ ದಂಡೆಯ ಮೇಲೆ ಉಳಿದವು ಎಷ್ಟು? ಎರಡನೆಯ ತರಗತಿಯ ಮಕ್ಕಳಿಗೆ ಇವತ್ತಿನ ಲೆಕ್ಕ ಇದು.

ಎಮ್ಮೆಗಳೆಲ್ಲ ಬಿಳಿ. ಅದಕ್ಕೆ ಕಾರಣ ಯೂನುಸ. ಬಸ್ ನಿಲ್ದಾಣದ ಎದುರಿಗಿರುವ ಜೆರಾಕ್ಸ್ ಅಂಗಡಿ ಅವರದು. ಗೊಲ್ಲಾಳಮ್ಮ ಅಲ್ಲಿ ಕೆಲಸಕ್ಕಿದ್ದಾರೆ. ಮೊದಲ ಸಲ ಅವರು ಎಮ್ಮೆಗಳಿಗೆ ಒತ್ತಿ ಕಪ್ಪು ತುಂಬಿ ತಂದಾಗ, ಇಂಥ ಹಿಂಡು ಇನ್ನೊಂದು ಬಂದರೆ ಮಷಿನ್ನಿನ ಪೌಡರೆಲ್ಲ ಮೇದು ಮುಗಿಸುತ್ತದೆ ಎಂದು ಯೂನುಸ ಕೈಮುಗಿದಿದ್ದರು. ಅಂದಿನಿಂದ ಬರೀ ಗೆರೆ. ಎಮ್ಮೆ ಯಾಕೆ ಬೆಳ್ಳಗಿದೆ ಎಂದು ಮಕ್ಕಳು ಕೇಳಿ ಕಳಿಸಿದರು. ಅದಕ್ಕೂ ಗೊಲ್ಲಾಳಮ್ಮನ ಹತ್ತಿರ ಉತ್ತರವಿತ್ತು.

"ಈಗರ ಕಾಲುವಿಗಿ ಬಿದ್ದು ಮೈ ತೊಳಕೊಂಡು ಬಂದಾವ, ಒಣಗಿದ ಮ್ಯಾಲ ನೀವೇ ಕರಿ ಮಾಡ್ರಿ ಅಂತ ಹೇಳಿ ಕಳಿಸಿದೆ," ಎಂದು ನಗುತ್ತಾರೆ. "ಪೆನ್ಸಿಲ್ ತಿಕ್ಕಿ ತಿಕ್ಕಿ ಹುಡುಗ್ರ ಕೈ ಎಮ್ಮಿಗಿಂತ ಕರಿ ಆಗಿದ್ವಂತ್ರಿ."

ಹಗಲೆಲ್ಲ ಅವರು ಪಹಣಿ, ಆಧಾರ್, ಜಾತಿ ಪ್ರಮಾಣಪತ್ರಗಳ ನಕಲು ತೆಗೆದು ಪಿನ್ ಹೊಡೆಯುತ್ತಾರೆ. ಆ ಗದ್ದಲ ಶುರುವಾಗುವ ಮುಂಚಿನ ಹೊತ್ತು ಮಾತ್ರ ಅವರ ಹಾಳೆಗಳದು. ಗೋಗಿ ಕಡೆಯ ಸಣ್ಣ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಓದುವುದಕ್ಕೆ, ಬರೆಯುವುದಕ್ಕೆ, ಲೆಕ್ಕ ಮಾಡುವುದಕ್ಕೆ ಬಳಸುವ ಅಭ್ಯಾಸದ ಹಾಳೆಗಳು ಅವು. ಚಿತ್ರ ಕೈಯಿಂದ, ಅಕ್ಷರ ಅಂಗಡಿಯ ಕಂಪ್ಯೂಟರಿನಿಂದ. ಅಕ್ಷರದ ಚೂರುಗಳನ್ನು ಕತ್ತರಿಸಿ ಚಿತ್ರದ ಪಕ್ಕ ಗೋಂದು ಹಚ್ಚಿ ಕೂರಿಸುತ್ತಾರೆ. ಅಂಚಿನ ನೆರಳು ನಕಲಿನಲ್ಲಿ ಬೀಳದಂತೆ ಬಿಳಿ ಬಣ್ಣ ಬಳಿಯುತ್ತಾರೆ. ಆಮೇಲೆ ಮಷಿನ್ನಿಗೆ. ಬಿಸಿ ಆರದ ಹಾಳೆಗಳನ್ನು ಸುರುಳಿ ಸುತ್ತಿ ರಬ್ಬರ್ ಹಾಕಿಟ್ಟರೆ, ಬಸ್ಸಿಗೆ ಓಡುವ ಶಿಕ್ಷಕರು ಕೈಚಾಚಿ ಒಯ್ಯುತ್ತಾರೆ. ಹಾಳೆಯ ಮೇಲೆ ಎಲ್ಲೂ ಅವರ ಹೆಸರಿಲ್ಲ. ಇರಬೇಕೆಂದು ಅವರಿಗೆ ಅನ್ನಿಸಿದಂತೆಯೂ ಇಲ್ಲ.

ಗೊಲ್ಲಾಳಮ್ಮನ ತವರು ಸುರಪುರದ ಆಚೆ, ಕಾಲುವೆಯ ನೀರು ಏರಲಾರದ ಎತ್ತರದ ಹಳ್ಳಿ. ಜೋಳ, ತೊಗರಿ, ಅದರ ಮೇಲೆ ಆಕಾಶ. ಹತ್ತನೆಯ ತರಗತಿ ಪಾಸಾದ ಬೇಸಿಗೆಯಲ್ಲೇ ಶಹಾಪುರದ ಕಿರಾಣಿ ಅಂಗಡಿಯ ಶಾಂತಪ್ಪನವರ ಕೈಹಿಡಿದು ಬಂದರು. ಬಸ್ಸು ಇಳಿಜಾರು ಇಳಿಯುವಾಗ ಎರಡೂ ಕಡೆ ಹರಡಿಕೊಂಡ ಭತ್ತದ ಹಸಿರು ಕಂಡು, ಇಷ್ಟು ನೀರು ನೋಡಿದರೆ ಕಣ್ಣು ತಂಪಾಗಿ ನಿದ್ದೆ ಬರುತ್ತದೆ ಎಂದುಕೊಂಡದ್ದು ಅವರಿಗೆ ಈಗಲೂ ನೆನಪಿದೆ. ಆದರೆ ಆ ಹಸಿರಿನೊಳಗೆ ಅವರು ಕಾಲಿಟ್ಟವರಲ್ಲ. ಅಂಗಡಿಯವರ ಸೊಸೆಗೆ ಗದ್ದೆಯಲ್ಲೇನು ಕೆಲಸ?

ಇಬ್ಬರು ಹೆಣ್ಣುಮಕ್ಕಳು ದೊಡ್ಡ ಶಾಲೆಗೆ ಹೋಗತೊಡಗಿದ ಮೇಲೆ ಅವರು ಜೆರಾಕ್ಸ್ ಅಂಗಡಿ ಸೇರಿದರು. ಒಂದು ಬೆಳಗ್ಗೆ ಆಮೀನಾ ಟೀಚರ್ ಕೈಬರಹದ ಒಂದು ಪುಟ ತಂದು ನಕಲು ಕೇಳಿದರು. ಗೋಗಿ ಹತ್ತಿರದ ಅವರ ಶಾಲೆಯಲ್ಲಿ ಮೂರು ತರಗತಿಗೆ ಒಂದೇ ಕೋಣೆ. ಮೂರನೆಯವರಿಗೆ ಪಾಠ ಹೇಳುತ್ತಿದ್ದರೆ ಒಂದನೆಯವರು ಒಬ್ಬರ ಜುಟ್ಟು ಒಬ್ಬರು ಹಿಡಿಯುತ್ತಾರೆ. ಅವರ ಕೈಗೇನಾದರೂ ಕೆಲಸ ಬೇಕಿತ್ತು. ಬಸ್ಸಿನ ಅವಸರದಲ್ಲಿ ಬರೆದ ಪುಟ, ಮಾವಿನಹಣ್ಣು ಬದನೆಕಾಯಿಯಂತಿತ್ತು. ಗೊಲ್ಲಾಳಮ್ಮ ತಡೆಯಲಾರದೆ ಪಕ್ಕದಲ್ಲಿ ಇನ್ನೊಂದು ಮಾವು ಬರೆದು ತೋರಿಸಿದರು. ಟೀಚರ್ ಬಸ್ಸು ತಪ್ಪಿಸಿಕೊಂಡು ಅಲ್ಲೇ ಕುಳಿತರು.

ಅಲ್ಲಿಂದ ಇಲ್ಲಿಯವರೆಗೆ ಹಾಳೆಗಳು ನಿಂತಿಲ್ಲ. ಒಂದು-ಹಲವು ಕಲಿಸಲು ಒಂದು ಕಡೆ ಒಬ್ಬ ಹುಡುಗಿ, ಇನ್ನೊಂದು ಕಡೆ ಆಟೋದಿಂದ ಅರ್ಧ ಹೊರಗೆ ಜೋತುಬಿದ್ದ ಹುಡುಗಿಯರು. ನಿನ್ನೆ-ಇವತ್ತು-ನಾಳೆ ಕಲಿಸಲು ರೊಟ್ಟಿ ತಿಂದ ಅಜ್ಜಿ, ತಿನ್ನುತ್ತಿರುವ ಅಜ್ಜಿ, ತಿನ್ನಲಿರುವ ಅಜ್ಜಿ. ಓದುವುದಕ್ಕೆ ನಾಲ್ಕೇ ಸಾಲಿನ ಕಥೆ, ಕೊನೆಯಲ್ಲಿ ಒಂದು ಪ್ರಶ್ನೆ. ಭತ್ತ ಬೆಳೆಯಲು ಬಂದು ನೆಲೆಸಿದವರ ಕ್ಯಾಂಪುಗಳಿಂದ ಬರುವ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ. ಅವರಿಗಾಗಿ ಪ್ರತಿ ಶಬ್ದದ ಪಕ್ಕ ಚಿತ್ರ ಇರಲೇಬೇಕು.

ಮಕ್ಕಳು ಬರೆದು ತುಂಬಿದ ಹಾಳೆಗಳನ್ನು ಒಂದು ಸಲ ತಮ್ಮ ಕೈಗೆ ಕೊಟ್ಟು ಒಯ್ಯಬೇಕೆಂಬುದು ಗೊಲ್ಲಾಳಮ್ಮನದೊಂದೇ ಬೇಡಿಕೆ. ಟೀಚರ್ ವಾರಕ್ಕೊಮ್ಮೆ ಕಟ್ಟು ತರುತ್ತಾರೆ. ಇವರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದೊಂದೇ ತಿರುವಿ ನೋಡುತ್ತಾರೆ.

"ಮನ್ಯಾಗ ಏನ್ ಮಾಡಿದ್ರೂ ಸಂಜಿಗಿ ಉಳಿಯಂಗಿಲ್ರಿ. ರೊಟ್ಟಿ ತಿಂದು ಹೋಗ್ತಾರ, ಅಂಗಳ ತುಳಿದು ಹೋಗ್ತಾರ. ಹಾಳಿ ಹಂಗಲ್ಲ. ನಾ ಒಂದ್ ಕೇಳಿದ್ರ ಯಾರೋ ಒಬ್ರು ಕುಂತು ಉತ್ತರ ಬರೀತಾರ," ಎನ್ನುತ್ತಾರೆ. ಇನ್ನೊಂದು ಹಾಳೆ ತಿರುವಿ ಸೇರಿಸುತ್ತಾರೆ: "ಖಾಲಿ ವಾಪಸ್ ಬರಬಾರ್ದು, ಅಷ್ಟೇ ನನ್ನ ಆಸೆ."

ಈ ಮಳೆಗಾಲ ಆ ಆಸೆಗೇ ಪೆಟ್ಟು ಬೀಳುವಂತಿತ್ತು.

ಆಮೀನಾ ಟೀಚರ ಶಾಲೆಯ ಹೆಡ್ ಮಾಸ್ತರ ಚಂದ್ರಾಮಪ್ಪನವರಿಗೆ ಯಾರೋ ಪೆನ್‌ಡ್ರೈವ್ ತುಂಬ ಸಿದ್ಧ ಹಾಳೆಗಳನ್ನು ಕೊಟ್ಟರು. ಹಿಮದ ಗೊಂಬೆ, ಸ್ಟ್ರಾಬೆರಿ, ಟೊಪ್ಪಿಗೆ ಹಾಕಿದ ಕರಡಿ, ಎಲ್ಲ ಬಣ್ಣಬಣ್ಣ. ಒಬ್ಬ ದಾನಿ ಅದನ್ನು ಬಣ್ಣದಲ್ಲೇ ಅಚ್ಚು ಹಾಕಿಸಿಕೊಡಲೂ ಒಪ್ಪಿದರು. ಮಾದರಿಗೆಂದು ಒಂದಿಷ್ಟು ಬಣ್ಣದ ಪ್ರತಿ ತೆಗೆದದ್ದು ಯೂನುಸನ ಅಂಗಡಿಯಲ್ಲೇ, ಗೊಲ್ಲಾಳಮ್ಮನ ಕೈಯಲ್ಲೇ. ಅವರು ಅವನ್ನು ಹಳಿಯಲಿಲ್ಲ. ಭಾಳ ಚಂದ ಅದಾವ ಎಂದರು. ಚುಕ್ಕಿಗಳ ಮೇಲೆ ಅಕ್ಷರ ತಿದ್ದಿಸುವ ಉಪಾಯವೊಂದನ್ನು ನೋಡಿ ಕಲಿತುಕೊಂಡೂಬಿಟ್ಟರು. ಆದರೆ ಆ ರಾತ್ರಿ ಊಟ ರುಚಿಸಲಿಲ್ಲ. ಈ ಶಾಲೆ ಬಿಟ್ಟರೆ ಉಳಿದ ಶಾಲೆಗಳೂ ಬಿಡುತ್ತವೆ. ಆಮೇಲೆ ಬೆಳಗ್ಗೆ ಎದ್ದು ಒಲೆಯ ಪಕ್ಕ ಕುಳಿತರೆ, ಹಾಲು ಮಾತ್ರ ನೋಡಬೇಕು.

ಚಂದ್ರಾಮಪ್ಪ ಕೆಟ್ಟ ಮನುಷ್ಯರಲ್ಲ. ಒಂದು ವಾರ ಎರಡನ್ನೂ ಮಕ್ಕಳ ಕೈಗೆ ಕೊಟ್ಟು ಮನೆಗೆ ಕಳಿಸೋಣ, ತಿರುಗಿ ಬಂದದ್ದನ್ನು ನೋಡಿ ಯಾವುದು ಬೇಕೋ ಇಟ್ಟುಕೊಳ್ಳೋಣ ಎಂದರು.

ಗೊಲ್ಲಾಳಮ್ಮ ಜೀವ ಹಾಕಿ ಒಂದು ಹಾಳೆ ಮಾಡಿದರು. ಕಾಲುವೆಗೆ ನೀರು ಬಿಟ್ಟು ಊರೂರಿಗೂ ನಾಟಿಯ ಸಡಗರ. ಅವರೂ ನಾಟಿ ಹಚ್ಚುವ ಹೆಣ್ಣುಮಕ್ಕಳನ್ನೇ ಬರೆದರು. ಒಂದು ಸಾಲಿನಲ್ಲಿ ಐವರು, ಇನ್ನೊಂದರಲ್ಲಿ ಮೂವರು, ಸೀರೆ ಎತ್ತಿ ಕಟ್ಟಿದವರು, ಬಗ್ಗಿದವರು. ಒಟ್ಟು ಎಷ್ಟು ಮಂದಿ? ಅವರ ಹಿಂದೆ ಹಚ್ಚಿದ ಸಸಿಗಳ ಸಾಲು, ಮುಂದೆ ಬರೀ ಕೆಸರು. ಬರೆದು ಮುಗಿಸಿದಾಗ, ಇಷ್ಟು ಒಳ್ಳೆಯ ಹಾಳೆ ಈವರೆಗೆ ಮಾಡಿಲ್ಲ ಎಂದು ಅವರಿಗೇ ಅನ್ನಿಸಿತ್ತು.

ಹಾಳೆ ಮಕ್ಕಳ ಮನೆ ಸೇರಿದ ಮರುದಿನ ಸಂಜೆ ಆಮೀನಾ ಟೀಚರ್ ಅಂಗಡಿಯ ಮುಂದೆ ನಗು ತಡೆಯಲಾರದೆ ನಿಂತರು. "ಅಕ್ಕಾ, ನಿಮ್ಮ ಹೆಣ್ಮಕ್ಕಳು ಮುಂದಕ್ಕ ಹೊಂಟಾರಂತ್ರಿ. ಇಡೀ ಊರು ನಗಾಕತ್ತೈತಿ."

ಗೊಲ್ಲಾಳಮ್ಮನಿಗೆ ತಿಳಿಯಲಿಲ್ಲ. ಮುಂದಕ್ಕಲ್ಲದೆ ಇನ್ನೆತ್ತ ಹೋಗುತ್ತಾರೆ? ತವರಿನಲ್ಲಿ ಎತ್ತುಗಳು ಕೂರಿಗೆ ಎಳೆದರೆ, ಬೀಜ ಬಿಡುವ ಹೆಣ್ಣುಮಕ್ಕಳು ಅದರ ಹಿಂದೆ ಮುಂದಕ್ಕೇ ನಡೆಯುತ್ತಾರೆ. ಬಿತ್ತಿದ್ದು ಬೆನ್ನ ಹಿಂದೆ ಉಳಿಯುತ್ತದೆ. ಅವರ ಕೈ ಬರೆದದ್ದು ಆ ನಡಿಗೆಯನ್ನು. ಭತ್ತದ ಸಸಿ ಹಚ್ಚುವವರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ, ಹಚ್ಚಿದ್ದು ಕಣ್ಣ ಮುಂದೆ ಇರುತ್ತದೆ ಎಂದು ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ನೋಡಿಯೂ ಅವರು ಗಮನಿಸಿರಲಿಲ್ಲ.

ಯೂನುಸನಿಗೆ ಹಬ್ಬವಾಯಿತು. "ಅಕ್ಕಾರ, ಎಮ್ಮಿ ಬಿಳಿ ಇದ್ರ ನಡೀತದ. ತಾವು ಹಚ್ಚಿದ ಸಸಿ ತಾವೇ ತುಳಕೊಂತ ಹೋದ್ರ ಹೊಲದ ಧಣಿ ಸುಮ್ನಿರ್ತಾನೇನ್ರಿ?"

ಅವರೂ ನಕ್ಕರು. ನಕ್ಕು, ಮಷಿನ್ನಿನ ಹಿಂದೆ ಹೋಗಿ ಜೋಡಿಸಿಟ್ಟಿದ್ದ ಕಾಗದವನ್ನೇ ಮತ್ತೆ ಜೋಡಿಸಿದರು. ಎಲ್ಲ ಬಿಟ್ಟು ಈ ವಾರವೇ ಈ ತಪ್ಪಾಗಬೇಕಿತ್ತೇ?

ಶನಿವಾರ ಅವರು ಅಂಗಡಿಗೆ ರಜೆ ಹೇಳಿ ಆಟೋದಲ್ಲಿ ಶಾಲೆಗೆ ಹೋಗುತ್ತಾರೆ. ತಪ್ಪು ತಿದ್ದಿದ ಹೊಸ ಹಾಳೆಗಳ ಕಟ್ಟು ತೊಡೆಯ ಮೇಲಿದೆ. ತಮ್ಮ ಹಾಳೆ ಬೇಡ ಎನ್ನುವುದಾದರೆ ಆ ಮಾತನ್ನು ಎದುರಿಗೇ ನಿಂತು ಕೇಳಿಕೊಳ್ಳಬೇಕೆಂದು ಅವರಿಗಿದೆ.

ಚಂದ್ರಾಮಪ್ಪ ಮೇಜಿನ ಮೇಲೆ ಎರಡು ಕಟ್ಟು ಇಟ್ಟುಕೊಂಡು ಕುಳಿತಿದ್ದಾರೆ. ಬಣ್ಣದ ಕಟ್ಟು ತೆಳ್ಳಗಿದೆ. ಅರ್ಧ ಮಕ್ಕಳು ಅದನ್ನು ತಂದೇ ಇಲ್ಲ. ಯಾಕೆ ಎಂದು ವಿಚಾರಿಸಿದರೆ, ಚಂದ ಇದೆ, ಬರೆದರೆ ಕೆಡುತ್ತದೆ ಎಂದು ಮನೆಯವರು ಗೋಡೆಗೆ ಅಂಟಿಸಿದ್ದಾರಂತೆ. ಗೊಲ್ಲಾಳಮ್ಮನ ಕಟ್ಟು ಮುದ್ದೆಯಾಗಿ, ಕೆಸರು ಮೆತ್ತಿಕೊಂಡು, ಒಂದೂ ಬಿಡದೆ ಬಂದಿದೆ. ಎಲ್ಲದರ ಮೇಲೂ ಎರಡೆರಡು ಕೈಬರಹ. ಮಗು ಬರೆದ ಎಂಟು ಒಂದು ಕಡೆ. ಅದರ ಸುತ್ತ ದೊಡ್ಡವರ ಕೈಯ ಗೀಟು. ಒಂದರಲ್ಲಿ ಹೆಣ್ಣುಮಕ್ಕಳ ಮುಖ ಅಳಿಸಿ ಹಿಂದಕ್ಕೆ ತಿರುಗಿಸಿದ್ದಾರೆ. ಇನ್ನೊಂದರಲ್ಲಿ ಬದುವಿನ ಮೇಲೆ ಕುಳಿತು ಎಲೆ-ಅಡಿಕೆ ಮೆಲ್ಲುವ ಅಜ್ಜಿಯೊಬ್ಬಳು ಹೊಸದಾಗಿ ಬಂದಿದ್ದಾಳೆ, ಉತ್ತರ ಒಂಬತ್ತಾಗಿದೆ. ಆಮೀನಾ ಟೀಚರ್ ಅದಕ್ಕೂ ಸರಿ ಗುರುತು ಹಾಕಿದ್ದಾರೆ.

ಅಜ್ಜಿಯನ್ನು ನೋಡಿ ಚಂದ್ರಾಮಪ್ಪನವರ ಮುಖ ಸಡಿಲಾಗುತ್ತದೆ. ಬಣ್ಣದ ಹಾಳೆಗಳನ್ನು ಇಂಗ್ಲಿಷ್ ಕಲಿಸಲು ಇಟ್ಟುಕೊಳ್ಳೋಣ, ಕನ್ನಡಕ್ಕೂ ಲೆಕ್ಕಕ್ಕೂ ಇವೇ ನಡೆಯಲಿ ಎನ್ನುತ್ತಾರೆ. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ. ಗೊಲ್ಲಾಳಮ್ಮ ಬಾಗಿಲು ದಾಟುವಾಗ ಕೂಗಿ ಹೇಳುತ್ತಾರೆ: "ಅಮ್ಮಾರ, ಗದ್ದಿ ಬರೆಯೋದಿದ್ರ ಬರೆಯೋಕಿಂತ ಮೊದಲ ಯಾರನ್ನರ ಕೇಳ್ರಿ."

ಹೊರಗೆ ಕೈಪಂಪಿನ ಹತ್ತಿರ ಮೊಣಕಾಲವರೆಗೆ ಕೆಸರಾದ ಹೆಣ್ಣುಮಗಳೊಬ್ಬಳು ಕೊಡ ತುಂಬುತ್ತಿದ್ದಾಳೆ. ಶಾಲೆಯ ಬೆನ್ನಿಗಿರುವ ಗದ್ದೆಯಲ್ಲಿ ನಾಟಿಗೆ ಬಂದ ಗುಂಪಿನವಳು, ಹೆಸರು ಮೋನಮ್ಮ. ಮಗಳು ಇಲ್ಲಿಯೇ ಎರಡನೆಯ ತರಗತಿಯಲ್ಲಿದ್ದಾಳೆ.

"ಆ ಚಿತ್ರ ಬರದಾಕಿ ನೀನೇನ ಯಕ್ಕಾ?" ಎನ್ನುತ್ತಾಳೆ. "ನಿಮ್ಮೂರಾಗ ನೆಲ್ಲು ಮುಂದಕ್ಕ ಹಚ್ತಾರೇನು?"

"ನಮ್ಮೂರಾಗ ನೆಲ್ಲೇ ಇಲ್ಲವ್ವಾ. ಕೂರಿಗಿ ಹಿಂದ ನಡಿಯೋದಷ್ಟ ನನಗ ಗೊತ್ತು."

"ಹಂಗಾರ ಒಂದಿನ ಬಾ. ಕೆಸರಾಗ ನಿಂದ್ರಿಸಿ ಹಿಂದಕ್ಕ ಸರಿಯೋದು ಕಲಿಸ್ತೀವಿ. ಆದ್ರ ಈ ಸೀರಿ ಉಟ್ಕೊಂಡು ಬರಬ್ಯಾಡ."

ಇಬ್ಬರೂ ನಗುತ್ತಾರೆ. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಮೋನಮ್ಮ ಎತ್ತಿಕೊಳ್ಳುವುದಿಲ್ಲ. ಶಾಲೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾಳೆ.

"ನಮ್ಮ ಹುಡುಗಿ ಹಾಳಿಮ್ಯಾಗ ಗೀಟು ಹೊಡದಾಕಿ ನಾನ. ಕೆಡ್ತದ, ಬ್ಯಾಡ ಅಂದ್ಲು, ಕೇಳ್ಲಿಲ್ಲ. ಮಾಸ್ತರ ಬೈತಾರೇನು?"

"ಇಲ್ಲ. ಟೀಚರ್ ಸರಿ ಅಂತ ಗುರುತು ಹಾಕ್ಯಾರ."

"ನನಗ?"

"ನಿನಗ."

ಮೋನಮ್ಮ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಳ್ಳುತ್ತಾಳೆ. ಸಸಿಯ ಸಣ್ಣ ಕಟ್ಟು ಹಿಡಿದು ಹಿಡಿದು ಬೆರಳ ತುದಿಗಳು ಬೆಳ್ಳಗೆ ನೆನೆದುಹೋಗಿವೆ. "ಪೆನ್ಸಿಲ್ ಹಿಡಿದದ್ದು ಅದ ಮೊದಲು," ಎನ್ನುತ್ತಾಳೆ. "ಹೆಂಗ ಹಿಡಿಬೇಕು ತಿಳೀಲಿಲ್ಲ. ಸಸಿ ಹಿಡಿದಂಗ ಹಿಡದೆ." ಆಮೇಲೆ ಕೊಡವನ್ನು ಸೊಂಟಕ್ಕೇರಿಸಿ, ಗದ್ದೆಯಿಂದ ಯಾರೋ ಕೂಗಿದ್ದಕ್ಕೆ ಬಂದೆ ಎಂದು ಕೂಗಿ ಹೇಳಿ, ಬದುವಿನ ಮೇಲೆ ಹೊರಟುಹೋಗುತ್ತಾಳೆ.

ತಿರುಗಿ ಬರುವ ಆಟೋದಲ್ಲಿ ಗೊಲ್ಲಾಳಮ್ಮ ಅಂಚಿಗೆ ಕುಳಿತಿದ್ದಾರೆ. ಹಾಳೆ ಉಳಿಯಿತು ಎಂದು ಶಾಂತಪ್ಪನವರಿಗೆ ಹೇಳಬೇಕು, ಯೂನುಸನಿಗೆ ಚಹಾ ಕುಡಿಸಬೇಕು, ಅದೆಲ್ಲ ಇದ್ದದ್ದೇ. ಆದರೆ ಮನಸ್ಸು ಅಲ್ಲಿಲ್ಲ. ಅವರು ಲೆಕ್ಕ ಹಾಕುತ್ತಿರುವುದು ಬೇರೆ. ಅಂಗಡಿಯಲ್ಲಿ ದಿನವೂ ಕೆಟ್ಟುಹೋಗುವ ಪ್ರತಿಗಳ ಹಿಂಬದಿ ಖಾಲಿಯೇ ಇರುತ್ತದೆ. ಅದರ ಮೇಲೆ ದಪ್ಪ ದಪ್ಪ ಚುಕ್ಕಿಗಳಲ್ಲಿ ಮೊದಲು ಬರೀ ಗೀಟು, ಉದ್ದ, ಅಡ್ಡ, ಓರೆ. ಎರಡನೆಯ ವಾರ ಒಂದು ಸೊನ್ನೆ. ಗೀಟು, ಸೊನ್ನೆಗಳಿಗೆ ಕೈ ಪಳಗಿದರೆ ಕನ್ನಡದ ಯಾವ ಅಕ್ಷರ ಬಾರದೆ ಇರುತ್ತದೆ? ಮೇಲೆ ತರಗತಿ ಬರೆಯುವ ಜಾಗ ಇರಬಾರದು. ಯಾರ ಹಾಳೆ ಎಂದು ಕೇಳುವಂತೆಯೂ ಇರಬಾರದು. ಮಕ್ಕಳ ಹಾಳೆಯೊಳಗೆ ಮಡಿಸಿಟ್ಟರೆ ಮನೆಯಲ್ಲಿರುವ ಅವ್ವಂದಿರ ಕೈ ಸೇರುತ್ತದೆ. ಹಿಡಿಯುವವರು ಹಿಡಿಯಲಿ, ಒಲೆಗೆ ಹಾಕುವವರು ಹಾಕಲಿ.

ಪಕ್ಕದಲ್ಲಿ ಕುಳಿತ ಆಮೀನಾ ಟೀಚರ್, ಏನು ಯೋಚನೆ ಮಾಡುತ್ತಿದ್ದೀರಿ ಅಕ್ಕಾ ಎಂದು ಕೇಳುತ್ತಾರೆ. ಏನಿಲ್ಲ ಎಂದು ಗೊಲ್ಲಾಳಮ್ಮ ಸೆರಗು ಹೊದ್ದುಕೊಳ್ಳುತ್ತಾರೆ. ಸೆರಗಿನ ಮರೆಯಲ್ಲಿ ಅವರ ತೋರುಬೆರಳು ತೊಡೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ಉದ್ದನೆಯ ಗೀಟು ಎಳೆಯುತ್ತಿದೆ.