ಬತ್ತಲೆ ಬೇರು

'ಗೊರ್ರ್' ಎಂದು ಕೆಮ್ಮಿ, ನಡುಮನೆಯ ಗಿಡದ ಡಬ್ಬಿಗೆ ನೀರು ಚಿಮುಕಿಸುವ ಪಂಪು ನಿಂತಿತು. ಬಾಳೂರಿನ ನಿವೃತ್ತ ಟೀಚರ್ ಕಾತ್ಯಾಯಿನಿ ಓಡಿಬಂದು ಡಬ್ಬಿಯ ಮುಚ್ಚಳ ತೆಗೆದರು. ಗಾಳಿಯಲ್ಲಿ ನೇತಾಡುತ್ತ, ಬರೀ ತುಂತುರು ಕುಡಿದು ಬೆಳೆಯುತ್ತಿದ್ದ ಪುದೀನದ ಬೇರುಗಳು ಮಣ್ಣಿನಲ್ಲಿ ಕಂಠಮಟ್ಟ ಹೂತುಹೋಗಿದ್ದವು. ಸಂಜೆ ನಾಲ್ಕಕ್ಕೆ ಮಹಿಳಾ ಸಂಘದವರು ಮಣ್ಣಿಲ್ಲದ ಬೆಳೆ ನೋಡಲು ಬರುವವರಿದ್ದರು.

“ನೀವು ಮೂಡಿಗೆರೆಗೆ ಹೋದಾಗ ನಾನೇ ಹಾಕ್ದೆ ಟೀಚರೇ,” ಎಂದರು ಪಕ್ಕದ ಮನೆಯ ದ್ಯಾವಮ್ಮ. “ಬೇರುಗಳೆಲ್ಲ ಬತ್ತಲೆ ನೇತಾಡ್ತಿದ್ವು, ನೋಡಕ್ಕಾಗ್ಲಿಲ್ಲ. ನಮ್ಮ ಕಾಫಿ ಬುಡದ ಮಣ್ಣು, ಬಂಗಾರದಂಥದ್ದು.”

“ಮಣ್ಣೇ ಬೇಡ ಅಂತ ಎಷ್ಟು ಸಲ ಹೇಳ್ಲಿ ಮಾರಾಯ್ತಿ!” ಕಾತ್ಯಾಯಿನಿ ಒಂದು ಗಿಡ ಎತ್ತಿ, ಮಗುವಿನ ತಲೆ ತೊಳೆದಂತೆ ಬೇರು ತೊಳೆಯತೊಡಗಿದರು. “ಇನ್ನು ಮಲಗೋ ಕೋಣೆ ಡಬ್ಬೀನೇ ಗತಿ. ಅದನ್ನೇ ತೋರಿಸ್ತೀನಿ.”

“ಅದಕ್ಕೆ ಮಣ್ಣು ಸಾಕಾಗ್ಲಿಲ್ಲ ಟೀಚರೇ,” ದ್ಯಾವಮ್ಮ ಸಮಾಧಾನ ಹೇಳಿದರು. “ಹಾಗಾಗಿ ದನದ ಕೊಟ್ಟಿಗೆಯಿಂದ ಒಂದು ಬುಟ್ಟಿ...”

ಕೈಯಲ್ಲಿದ್ದ ಗಿಡದ ಸಮೇತ ಕಾತ್ಯಾಯಿನಿ ಕೋಣೆಯತ್ತ ನಡೆದೇಬಿಟ್ಟಿದ್ದರು.